ಕೆರೆ ಉಳಿಸುವ ಪಾಠ: ಫೆಬ್ರುವರಿ 2ರ ಆಚೆಗೆ

ನಿಮ್ಮೂರಿನ ಕೆರೆಯ ಬಗ್ಗೆ ಜನಜಾಗೃತಿ ಕಾರ್ಯಕ್ರಮ ಮಾಡುವ ಮನಸ್ಸಿದ್ದರೆ, ಬ್ಯಾನರ್ ಬರೆಸುವ ಮೊದಲು ಕೆರೆಯ ನೀರು ಬಿಡುವ ನೀರುಗಂಟಿಯ ಮನೆ ಯಾವುದೆಂದು ವಿಚಾರಿಸಿ. ಬಹಳಷ್ಟು ಊರುಗಳಲ್ಲಿ ಆ ಕೆಲಸ ಈಗ ಉಳಿದಿಲ್ಲ. ಆದರೂ ಆ ಮನೆಯ ಹಿರಿಯರಲ್ಲಿ ಯಾರಿಗಾದರೂ ತೂಬು ಎಲ್ಲಿ ಹೂತುಹೋಗಿದೆ, ಕೆರೆ ಕಡೆಯ ಸಲ ಕೋಡಿ ಬಿದ್ದದ್ದು ಯಾವ ವರ್ಷ, ಯಾವ ಹಳ್ಳದ ನೀರು ಕೆರೆ ಸೇರುತ್ತಿತ್ತು, ಆ ಹಳ್ಳ ಎಂದಿನಿಂದ ಹೊಲವಾಯಿತು ಎಂಬುದೆಲ್ಲ ನೆನಪಿರುತ್ತದೆ. ಅವರನ್ನು ಮಾತಾಡಿಸಿದ ಮೇಲೆ ಕೆರೆಯಲ್ಲಿ ಬಲೆ ಬೀಸುವವರು, ಬಟ್ಟೆ ಒಗೆಯುವ ಮಡಿವಾಳರು, ಬೇಸಿಗೆಯಲ್ಲಿ ಕೆರೆ ಅಂಗಳದಲ್ಲಿ ಕುರಿ ಮೇಯಿಸುವವರು, ಮಣ್ಣು ಒಯ್ಯುವ ಕುಂಬಾರರು, ಜೊಂಡು ಕೊಯ್ದು ಚಾಪೆ ಹೆಣೆಯುವ ಹೆಂಗಸರು, ಇವರ ಹತ್ತಿರ ಹೋಗಿ. ಕೆರೆಯ ಪಾಠ ಹೇಳಬಲ್ಲವರು ಇವರೇ. ಹೊರಗಿನಿಂದ ಬಂದ ಭಾಷಣಕಾರರು ಕೆರೆಯ ಮಹತ್ವ ವಿವರಿಸುವುದು, ಇವರು ಶಾಮಿಯಾನದ ಕೆಳಗೆ ಕೂತು ಕೇಳಿಸಿಕೊಳ್ಳುವುದು: ನಮ್ಮಲ್ಲಿ ಹೆಚ್ಚಿನ ಕಾರ್ಯಕ್ರಮಗಳು ಸೋಲುವುದು ಇಲ್ಲಿಯೇ ಎಂದು ನನ್ನ ಭಾವನೆ.

ಇನ್ನು ಫೆಬ್ರುವರಿ 2ರ ಮಾತು. ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರ ಫೆಬ್ರುವರಿ 2ರಂದು ಜೌಗು ಪ್ರದೇಶಗಳ ರಕ್ಷಣೆಗಾಗಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ 1982ರಲ್ಲಿ ಅದಕ್ಕೆ ಸೇರಿತು. ಒಪ್ಪಂದವಾದ ಫೆಬ್ರುವರಿ 2ನ್ನು ವಿಶ್ವ ಜೌಗು ಪ್ರದೇಶ ದಿನವೆಂದು ಆಚರಿಸುತ್ತಾರೆ. 2021ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ ಅದನ್ನು ಮಾನ್ಯ ಮಾಡಿತು. ಕರ್ನಾಟಕದಲ್ಲಿ 2022ರಲ್ಲಿ ರಂಗನತಿಟ್ಟು, 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ ಆ ಒಪ್ಪಂದದಡಿಯ ರಾಮ್ಸಾರ್ ಪಟ್ಟಿಗೆ ಸೇರಿದವು. ಊರಿನ ಸಭೆಯಲ್ಲಿ ಹೇಳಲೇಬೇಕಾದ ಸಂಗತಿಯೊಂದು ಇದರಲ್ಲಿದೆ. ಮಾಗಡಿ ಮತ್ತು ಅಂಕಸಮುದ್ರ ಎರಡೂ ಹೊಲಗದ್ದೆಗೆ ನೀರುಣಿಸಲು ಜನ ಕಟ್ಟಿದ ಕೆರೆಗಳು. ಇಂಥ ಕೆರೆಗಳು ಜಗತ್ತಿನ ಪಟ್ಟಿಗೆ ಏರಬಹುದಾದರೆ ನಮ್ಮ ಏರಿಯ ಹಿಂದಿನ ನೀರೂ ಸಣ್ಣದಲ್ಲ ಎಂಬ ಅಭಿಮಾನ ಕೇಳುವವರಲ್ಲಿ ತಾನಾಗಿ ಹುಟ್ಟುತ್ತದೆ.

ಈ ಲೇಖನ ಯಾವ ಪಟ್ಟಿಯಲ್ಲೂ ಇಲ್ಲದ ಕೆರೆ, ಕಟ್ಟೆ, ಕುಂಟೆಗಳ ಪಕ್ಕದಲ್ಲಿರುವ ಶಿಕ್ಷಕರಿಗೆ, ಪಂಚಾಯಿತಿ ಸದಸ್ಯರಿಗೆ, ಯುವಕ ಸಂಘ, ಸ್ತ್ರೀಶಕ್ತಿ ಸಂಘ ಮತ್ತು ಅಪಾರ್ಟ್‌ಮೆಂಟ್ ಸಂಘಗಳಿಗೆ. ಒಂದು ದಿನದ ಸಮಾರಂಭದ ಬದಲು ಒಂದು ವರ್ಷದ ಕೆಲಸ ಹೇಗೆ ಕಟ್ಟಬಹುದೆಂದು ಇಲ್ಲಿ ನೋಡೋಣ.

ಮೊದಲ ನಡಿಗೆ ಕೆರೆಯ ಮೇಲ್ಭಾಗಕ್ಕೆ

ಕೆರೆ ತೋರಿಸುವವರು ಜನರನ್ನು ಸಾಮಾನ್ಯವಾಗಿ ಏರಿಯ ಮೇಲೆ ನಿಲ್ಲಿಸುತ್ತಾರೆ. ಅಲ್ಲಿಂದ ನೀರು ಕಾಣುತ್ತದೆಯೇ ಹೊರತು ನೀರಿನ ದಾರಿ ಕಾಣುವುದಿಲ್ಲ. ಮೊದಲ ನಡಿಗೆಯನ್ನು ನೀರು ಬರುವ ದಿಕ್ಕಿಗೆ ಇಟ್ಟುಕೊಳ್ಳಿ. ಹಳ್ಳ ಅಥವಾ ರಾಜಕಾಲುವೆಯನ್ನು ಹಿಡಿದು ಮೇಲಿನ ಕೆರೆಯ ಕೋಡಿಯವರೆಗೆ ನಡೆಯಿರಿ. ನಮ್ಮ ಕೆರೆಗಳು ಸರಣಿಯಾಗಿ ಕಟ್ಟಿದವು; ಒಂದರ ಕೋಡಿ ನೀರು ಇನ್ನೊಂದರ ಒಳಹರಿವು. ಬೆಂಗಳೂರಿನ ಬೆಳ್ಳಂದೂರು ಕೆರೆ ಉಕ್ಕಿಸಿದ ನೊರೆಯನ್ನು, 2017 ಮತ್ತು 2018ರಲ್ಲಿ ಅದರಲ್ಲಿ ಎದ್ದ ಬೆಂಕಿಯನ್ನು ನಾಡೆಲ್ಲ ಟಿವಿಯಲ್ಲಿ ಕಂಡಿತು. ಆ ಕೊಳಚೆ ಹುಟ್ಟಿದ್ದು ದಡದ ಮನೆಗಳಲ್ಲಿ ಮಾತ್ರವಲ್ಲ, ಎಷ್ಟೋ ದೂರದ ಬಡಾವಣೆಗಳ ಬಚ್ಚಲುಗಳಲ್ಲಿ. ಬೆಳ್ಳಂದೂರಿನ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಆದ್ದರಿಂದ ನಿಮ್ಮ ಕಾರ್ಯಕ್ರಮದ ಅರ್ಧ ಶ್ರೋತೃಗಳು ನಿಮ್ಮ ಕೆರೆಯನ್ನು ಕಣ್ಣಿನಿಂದ ನೋಡದವರೇ ಆಗಿರಬಹುದು. ಅವರನ್ನು ಕರೆಯದೆ ದಡದವರಿಗಷ್ಟೇ ಹೇಳಿ ಫಲವಿಲ್ಲ.

ನಡಿಗೆಗೆ ಹೊರಡುವಾಗ ಗ್ರಾಮ ನಕ್ಷೆಯ ಪ್ರತಿ ಕೈಯಲ್ಲಿರಲಿ. ಕಂದಾಯ ಇಲಾಖೆಯ ಜಾಲತಾಣದಿಂದ ಅದನ್ನು ಇಳಿಸಿಕೊಳ್ಳಬಹುದು. ದಿಶಾಂಕ್ ಆ್ಯಪ್ ಇದ್ದರೆ ನೀವು ನಿಂತ ಜಾಗದ ಸರ್ವೆ ನಂಬರು ಮೊಬೈಲಿನಲ್ಲೇ ಸಿಗುತ್ತದೆ. ನಡಿಗೆ ಮುಗಿದ ಮೇಲೆ ದೇವಸ್ಥಾನದ ಅಂಗಳದಲ್ಲೋ ಶಾಲೆಯ ಬಯಲಿನಲ್ಲೋ ರಂಗೋಲಿ ಪುಡಿಯಲ್ಲಿ ಕೆರೆಯ ನಕ್ಷೆ ಬಿಡಿಸಲು ಹಿರಿಯರಿಗೆ ಹೇಳಿ. ಹಿಂದಿನ ಹಳ್ಳ ಒಂದು ಬಣ್ಣದಲ್ಲಿ, ಇಂದಿನ ಹಳ್ಳ ಇನ್ನೊಂದು ಬಣ್ಣದಲ್ಲಿ. ಓದು ಬರಹ ಬಾರದವರೂ ಪುಡಿ ಹಿಡಿದು ತಿದ್ದತೊಡಗುತ್ತಾರೆ. ಎರಡು ಬಣ್ಣಗಳ ನಡುವಿನ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ವಿವರಿಸಬೇಕಾಗಿಲ್ಲ. ಒತ್ತುವರಿ ಮಾಡಿದವರೂ ಅದೇ ಗುಂಪಿನಲ್ಲಿ ನಿಂತಿರಬಹುದು. ಹೆಸರು ಹಿಡಿದು ಜಗಳಕ್ಕಿಳಿಯಬೇಡಿ. ನಕ್ಷೆಯ ಫೋಟೊ ತೆಗೆದಿಟ್ಟುಕೊಂಡು, ಅಳತೆಯ ಕೆಲಸವನ್ನು ತಹಶೀಲ್ದಾರರ ಕಚೇರಿಯ ಸರ್ವೆಗೆ ಬಿಡಿ.

ಕೊಕ್ಕರೆ ಬೆಳ್ಳೂರು ಕಲಿಸಿದ್ದು

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಊರವರನ್ನು ಜೊತೆಗೂಡಿಸಿಕೊಳ್ಳುವ ವಿಷಯದಲ್ಲಿ ನಾಡಿಗೇ ಪಾಠಶಾಲೆ. ಶಿಂಷಾ ನದಿಯ ಬಳಿಯ ಈ ಹಳ್ಳಿಯ ಹುಣಸೆ, ಆಲದ ಮರಗಳಲ್ಲಿ, ಮನೆಗಳ ಸೂರಿಗೆ ತಾಗಿದಂತೆ, ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಬಂದು, ಬೇಸಿಗೆಯಲ್ಲಿ ಮರಿಗಳನ್ನು ಬೆಳೆಸಿ, ಮಳೆಗಾಲ ಹಿಡಿಯುವ ಹೊತ್ತಿಗೆ ತೆರಳುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಈ ಹಕ್ಕಿಗಳು ಎಂದು ಊರವರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಇಲ್ಲಿಗೆ ಬಂದು ಹೊರಜಗತ್ತಿಗೆ ಈ ಊರಿನ ಪರಿಚಯ ಮಾಡಿಕೊಟ್ಟರು.

ಊರವರ ಪ್ರೀತಿಯ ಹಿಂದೆ ಲೆಕ್ಕವೂ ಇತ್ತು. ಹಕ್ಕಿಗಳ ಹಿಕ್ಕೆಯನ್ನು ಮರದ ಬುಡದಲ್ಲಿ ಸಂಗ್ರಹಿಸಿ, ಕೆರೆಯ ಗೋಡು ಬೆರೆಸಿ ಹೊಲಕ್ಕೆ ಗೊಬ್ಬರ ಮಾಡುತ್ತಿದ್ದರು. ರಾಸಾಯನಿಕ ಗೊಬ್ಬರ ಬಂದ ಮೇಲೆ ಆ ಲಾಭ ಕಿರಿದಾಯಿತು. ಇತ್ತ ಹಿಕ್ಕೆ ಬಿದ್ದ ಹುಣಸೆ ಮರ ಸರಿಯಾಗಿ ಕಾಯಿ ಬಿಡುವುದಿಲ್ಲ. ಮರವನ್ನು ಕಡಿದು ಮಾರಿದರೆ ಕೈಗೆ ಹಣ ಬರುತ್ತದೆ. ಇಂಥ ಮನೆಯ ಯಜಮಾನನಿಗೆ ಹಕ್ಕಿಯ ಮಹತ್ವದ ಬಗ್ಗೆ ಮತ್ತೊಂದು ಉಪನ್ಯಾಸ ಕೊಟ್ಟು ಏನು ಪ್ರಯೋಜನ? ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಕ್ರಮ ತಂದಿತು. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಸಂಸ್ಥೆಯವರು ಊರಲ್ಲೇ ಬೇರೂರಿ ಕೆಲಸ ಮಾಡಿದರು. ಊರಿನ ಯುವಕರದೇ ಹೆಜ್ಜಾರ್ಲೆ ಬಳಗ ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಆವರಣವೊಂದರಲ್ಲಿ ಸಾಕಿ, ಮೀನು ತಿನ್ನಿಸಿ, ಹಾರುವಷ್ಟು ಬಲಿತ ಮೇಲೆ ಬಿಡುವುದು ಅವರ ಕೆಲಸಗಳಲ್ಲಿ ಒಂದಾಯಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು.

ಇದರಿಂದ ಕಾರ್ಯಕ್ರಮ ರೂಪಿಸುವವರು ತೆಗೆದುಕೊಳ್ಳಬೇಕಾದದ್ದು ಮೂರು ವಿಷಯ. ಸಂರಕ್ಷಣೆಯಿಂದ ಯಾರಿಗೆ ನಷ್ಟವಾಗುತ್ತದೆ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು, ಅದಕ್ಕೆ ದಾರಿ ಹುಡುಕಬೇಕು. ಜನರ ಕೈಗೆ ಮಾಡಲು ಕೆಲಸ ಕೊಡಬೇಕು. ಬಿದ್ದ ಮರಿಗೆ ಮೀನು ತಿನ್ನಿಸಿದ ಹುಡುಗ ಮುಂದೆ ಎಂದೂ ಕವಣೆ ಹಿಡಿಯಲಾರ. ಮತ್ತು ಹೊರಗಿನವರು ವರ್ಷಗಟ್ಟಲೆ ಅಲ್ಲಿ ಉಳಿಯಬೇಕು. ಮೂರನೆಯದೇ ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಅಗತ್ಯ.

ನಷ್ಟ ಯಾರಿಗೆ ಎಂಬುದು ಮಾಗಡಿ ಕೆರೆಯಲ್ಲೂ ಏಳುವ ಪ್ರಶ್ನೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಕೆರೆಯಲ್ಲಿ ವಿಶ್ರಮಿಸಿ, ಮೇವಿಗೆ ಸುತ್ತಲಿನ ಹೊಲಗಳಿಗೆ ಇಳಿಯುತ್ತವೆ. ಹಕ್ಕಿ ನೋಡಲು ಬಂದವರಿಗೆ ಅದು ಸಂಭ್ರಮ. ಹೊಲದವರಿಗೆ ಬೆಳೆಯ ಚಿಂತೆ. ರೈತರನ್ನು ಸಭೆಗೆ ಕರೆದು ಮೊದಲ ಮಾತು ಅವರಿಗೇ ಬಿಡುವುದು ನ್ಯಾಯ. ಒಡಿಶಾದ ಚಿಲಿಕಾ ಸರೋವರದ ದಡದ ಮಂಗಳಾಜೋಡಿಯಲ್ಲಿ ಹಕ್ಕಿ ಬೇಟೆಯಾಡುತ್ತಿದ್ದವರೇ ಈಗ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ಹಕ್ಕಿ ತೋರಿಸುತ್ತಾರೆ. ಅಲ್ಲಿ ಮನಸ್ಸು ಬದಲಾದದ್ದರ ಜೊತೆಗೆ ದುಡಿಮೆಯ ದಾರಿಯೂ ಬದಲಾಯಿತು. ಅಘನಾಶಿನಿಯ ದಡದಲ್ಲಿ ಮಾತಾಡುವವರು ಬಳಚು ಎಂಬ ಚಿಪ್ಪುಜೀವಿ ಹೆಕ್ಕುವ ಹೆಂಗಸರ, ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರ ಅನ್ನದಿಂದ ಮಾತು ಶುರುಮಾಡಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹೆಸರು ಆಮೇಲೆ ಹೇಳಿದರಾಯಿತು.

ಒಂದು ಗುಂಪಿಗೆ ಒಂದೇ ಕೋರಿಕೆ

“ಕೆರೆ ಉಳಿಸಿ” ಎಂಬ ಫಲಕ ಓದಿದವನಿಗೆ ನಾಳೆ ಬೆಳಿಗ್ಗೆ ತಾನೇನು ಮಾಡಬೇಕೆಂದು ತಿಳಿಯುವುದಿಲ್ಲ. ಪ್ರತಿ ಗುಂಪಿಗೂ ಒಂದೇ ಒಂದು ಸ್ಪಷ್ಟ ಕೋರಿಕೆ ಇಟ್ಟುಕೊಳ್ಳಿ. ಕೋಳಿ ಅಂಗಡಿಯವರಿಗೆ: ಪುಕ್ಕ, ಕರುಳನ್ನು ರಾತ್ರಿ ಕೆರೆಗೆ ಸುರಿಯಬೇಡಿ, ಪಂಚಾಯಿತಿ ಗೊತ್ತುಮಾಡಿದ ಗುಂಡಿಗೆ ಹಾಕಿ. ಆ ಗುಂಡಿಯನ್ನು ಪಂಚಾಯಿತಿಯಿಂದ ಮೊದಲೇ ಮಾಡಿಸಿರಬೇಕು, ಇಲ್ಲವಾದರೆ ಕೋರಿಕೆಗೆ ಬೆಲೆಯಿಲ್ಲ. ಶೌಚಗುಂಡಿ ಖಾಲಿ ಮಾಡುವ ಟ್ಯಾಂಕರಿನವರಿಗೆ: ಎಲ್ಲಿ ಸುರಿಯುತ್ತೀರಿ ಎಂದು ಮನೆಯವರೇ ಕೇಳಿ, ತಿಳಿದ ಮೇಲೆ ದುಡ್ಡು ಕೊಡುವ ರೂಢಿಯಾಗಲಿ. ಕಟ್ಟಡ ಕಟ್ಟಿಸುವವರಿಗೆ: ಒಡೆದ ಇಟ್ಟಿಗೆ, ಗಾರೆ ಕೆರೆ ಅಂಚಿಗೆ ಬೇಡ. ಅಪಾರ್ಟ್‌ಮೆಂಟಿನವರಿಗೆ: ಫಾಸ್ಫೇಟ್ ಇಲ್ಲದ ಬಟ್ಟೆ ಸೋಪಿನ ಪುಡಿ ಬಳಸಿ, ನಿಮ್ಮ ಕಟ್ಟಡದ ಕೊಳಚೆ ಶುದ್ಧೀಕರಣ ಘಟಕ ದಿನವೂ ನಡೆಯುತ್ತಿದೆಯೇ ಎಂದು ಸಂಘದ ಸಭೆಯಲ್ಲಿ ಕೇಳಿ. ಫಾಸ್ಫೇಟ್ ಕೆರೆಯ ಕಳೆಗೆ ಗೊಬ್ಬರ. ಅಂತರಗಂಗೆ ಎಂಬ ತೇಲುವ ಕಳೆ ಅನುಕೂಲವಾದ ನೀರಿನಲ್ಲಿ ಸುಮಾರು ಎರಡು ವಾರದಲ್ಲಿ ಇಮ್ಮಡಿಯಾಗಬಲ್ಲದು. ವರ್ಷಕ್ಕೊಮ್ಮೆ ಶ್ರಮದಾನದಲ್ಲಿ ಅದನ್ನು ಎಳೆದು ಹಾಕಿ, ಕೊಳಚೆಯನ್ನು ಬಿಡುತ್ತಲೇ ಹೋದರೆ ಮತ್ತೆ ಹಸಿರು ಹೊದಿಕೆ ಬೆಳೆದೇ ಬೆಳೆಯುತ್ತದೆ.

ಮನೆಯ ಅಕ್ವೇರಿಯಂ ಮೀನು ಬೇಸರವಾಯಿತೆಂದು ಕೆರೆಗೆ ಬಿಡುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಬಿಡುತ್ತಾರೆ. ಹೊರನಾಡಿನ ಆ ಮೀನು ನಮ್ಮ ಸ್ಥಳೀಯ ಮೀನಿನ ಆಹಾರ, ಮೊಟ್ಟೆ ಎರಡಕ್ಕೂ ಕುತ್ತು. ಬಾತುಗಳಿಗೆ, ಮೀನುಗಳಿಗೆ ಬ್ರೆಡ್ಡು, ಪುರಿ ಎಸೆಯುವುದೂ ಹಾಗೆಯೇ: ತಿನ್ನದೆ ಉಳಿದದ್ದು ಕೊಳೆತು ನೀರಿನ ಆಮ್ಲಜನಕ ಕುಡಿಯುತ್ತದೆ. ಇಂಥವರ ಜೊತೆ ಮೃದುವಾಗಿ ಮಾತಾಡಿ.

ಮತ್ತೊಂದು ತಪ್ಪು ತಿಳಿವಳಿಕೆಯನ್ನು ತಿದ್ದಲು ವಿಶೇಷವಾಗಿ ಸಮಯ ಕೊಡಿ, ಏಕೆಂದರೆ ಇದು ಕೆರೆಯನ್ನು ಪ್ರೀತಿಸುವವರಲ್ಲೇ ಇದೆ. ಜೊಂಡು, ಆಪು ಎಲ್ಲ ಕಿತ್ತು, ದಡವನ್ನು ಸುತ್ತಲೂ ಕಡಿದಾಗಿ ಕೆತ್ತಿ, ಕಲ್ಲು ಹಾಸಿ, ನಡುವೆ ತಿಳಿ ನೀರು ನಿಲ್ಲಿಸಿದರೆ ಕೆರೆ ಚೆಂದವಾಯಿತು ಎಂದುಕೊಳ್ಳುತ್ತೇವೆ. ಕೆರೆಯ ಜೀವ ಹೆಚ್ಚಾಗಿ ಇರುವುದು ಮೊಣಕಾಲುದ್ದದ ನೀರಿನ ಇಳಿಜಾರು ಅಂಚಿನಲ್ಲಿ. ಮೆಟ್ಟುಗಾಲು ಹಕ್ಕಿ ನಡೆದು ಮೇಯುವುದು ಅಲ್ಲಿ. ಮೀನು ಮರಿ ಅಡಗುವುದು, ನಾಮದಕೋಳಿ ಗೂಡು ಕಟ್ಟುವುದು ಜೊಂಡಿನಲ್ಲಿ. ಮೇಲಿನಿಂದ ಬಂದ ಕೊಳೆಯನ್ನು ಸೋಸುವುದೂ ಅದೇ ಜೊಂಡು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರನ್ನು ಇಂಥ ಗಿಡಗಳ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡು ಮಾಡಿದ್ದಾರೆ. ನಡಿಗೆ ಪಥ ಬೇಕಾದರೆ ಒಂದು ಬದಿ ಇರಲಿ. ಇನ್ನೊಂದು ಬದಿಯನ್ನು ಹಕ್ಕಿಗಳಿಗೆ ಬಿಟ್ಟುಕೊಡಿ ಎಂಬುದು ಪಾಲಿಕೆಗೆ ಕೊಡುವ ಮನವಿಯ ಮೊದಲ ಸಾಲಾಗಲಿ.

ಮಕ್ಕಳಿಗೆ ಜರಡಿ, ತಟ್ಟೆ, ಹಗ್ಗ

ಶಾಲೆಗಳಲ್ಲಿ ಚಿತ್ರಕಲಾ ಸ್ಪರ್ಧೆ, ಪ್ರಬಂಧ ಸ್ಪರ್ಧೆಗಳು ಧಾರಾಳವಾಗಿ ನಡೆಯುತ್ತವೆ. ಕೆರೆ ನೋಡದ ಮಗುವೂ ಅವುಗಳಲ್ಲಿ ಬಹುಮಾನ ಗೆಲ್ಲಬಹುದು. ಅದರ ಬದಲು ಇಕೋ ಕ್ಲಬ್‌ನ ಮಕ್ಕಳನ್ನು ತಿಂಗಳಿಗೊಮ್ಮೆ ಕೆರೆಯ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಬೇಕಾಗುವುದು ಹಿಟ್ಟಿನ ಜರಡಿ, ಬಿಳಿ ತಟ್ಟೆ, ಹಗ್ಗ, ನೋಟುಪುಸ್ತಕ.

20 ಸೆಂಟಿಮೀಟರ್ ಅಗಲದ ಹಳೆಯ ತಟ್ಟೆಯನ್ನು ನಾಲ್ಕು ಭಾಗ ಮಾಡಿ ಕಪ್ಪು ಬಿಳುಪು ಬಣ್ಣ ಬಳಿಯಿರಿ. ನಡುವೆ ಹಗ್ಗ, ಕೆಳಗೆ ಕಲ್ಲು ಕಟ್ಟಿ ನೀರಿಗಿಳಿಸಿ. ತಟ್ಟೆ ಕಣ್ಣಿಗೆ ಮರೆಯಾದ ಆಳವನ್ನು ಬರೆದುಕೊಳ್ಳಿ. ವಿಜ್ಞಾನಿಗಳು ಸೆಕ್ಕಿ ತಟ್ಟೆ ಎಂದು ಕರೆಯುವ ಉಪಕರಣ ಇದೇ. ಪಾಚಿ ಹೆಚ್ಚಿದ ತಿಂಗಳು, ಹೂಳು ಬಂದ ತಿಂಗಳು ಆಳ ಕುಗ್ಗುವುದು ಮಕ್ಕಳಿಗೇ ಗೊತ್ತಾಗುತ್ತದೆ. ಅಂಚಿನ ಕೆಸರನ್ನು ಜರಡಿಯಲ್ಲಿ ತೊಳೆದು ಬಿಳಿ ತಟ್ಟೆಗೆ ಹಾಕಿದರೆ ಹುಳುಗಳು ಕಾಣುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿಹುಳು, ನೀರಿನ ಬಸವನಹುಳು ಹೀಗೆ ಬಗೆಬಗೆಯವು ಸಿಕ್ಕರೆ ನೀರು ಚೆನ್ನಾಗಿದೆ ಎನ್ನಬಹುದು. ಕೆಂಪು ದಾರದಂಥ ಹುಳುಗಳೇ ತುಂಬಿದ್ದು ಬೇರೇನೂ ಇಲ್ಲದಿದ್ದರೆ ಆಮ್ಲಜನಕ ಕುಸಿದಿದೆಯೆಂಬ ಸೂಚನೆ. ಬೇಸಿಗೆಯ ಮೊದಲ ಮಳೆಗೆ ಮೀನುಗಳು ರಾಶಿಯಾಗಿ ಸತ್ತು ತೇಲುವುದೇಕೆಂದು ಆಗ ವಿವರಿಸಬಹುದು: ತಿಂಗಳುಗಟ್ಟಲೆ ಚರಂಡಿಯಲ್ಲಿ ನಿಂತ ಕೊಳೆಯನ್ನು ಮಳೆ ಒಮ್ಮೆಲೇ ಕೆರೆಗೆ ತಳ್ಳುತ್ತದೆ, ಅದು ಕೊಳೆಯುವಾಗ ಕಾದ ನೀರಿನಲ್ಲಿ ಮೊದಲೇ ಕಡಿಮೆಯಿದ್ದ ಆಮ್ಲಜನಕವೂ ಮುಗಿಯುತ್ತದೆ.

ಜನವರಿಯಲ್ಲಿ ಹಕ್ಕಿ ಎಣಿಕೆ ಇಡಿ. ಏಷ್ಯಾ ಖಂಡದ ನೀರಹಕ್ಕಿ ಗಣತಿ 1987ರಿಂದ ಜನವರಿಯಲ್ಲೇ ನಡೆಯುತ್ತಾ ಬಂದಿದೆ, ಸ್ವಯಂಸೇವಕರು ಸೇರಬಹುದು. ಎಲ್ಲ ಹಕ್ಕಿ ಗುರುತಿಸುವ ಹಟ ಬೇಡ. ಗುಳುಮುಳುಕ, ನಾಮದಕೋಳಿ, ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ, ಟಿಟ್ಟಿಭಗಳಿಂದ ಆರಂಭಿಸಿ. ಊರಿನಲ್ಲಿ ಕರೆಯುವ ಹೆಸರನ್ನೇ ಪಟ್ಟಿಯಲ್ಲಿ ಮೊದಲು ಬರೆಯಲಿ.

ಸುರಕ್ಷತೆಯ ಮಾತನ್ನು ಕೊನೆಗೆ ತಳ್ಳಬಾರದು. ಜೆಸಿಬಿಯಲ್ಲಿ ಮಣ್ಣು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದಿಲ್ಲ. ಅಂಥ ಗುಂಡಿಗಳಲ್ಲಿ ಮುಳುಗಿ ಮಕ್ಕಳು ಸತ್ತ ಸುದ್ದಿ ಪ್ರತಿ ಬೇಸಿಗೆ ರಜೆಯಲ್ಲೂ ಓದುತ್ತೇವೆ. ಹಿಂದಿನ ದಿನ ಮೀನುಗಾರರೊಬ್ಬರನ್ನು ಕರೆದುಕೊಂಡು ಹೋಗಿ ಜಾಗ ನೋಡಿ. ಮಕ್ಕಳು ನೀರಿಗಿಳಿಯುವಂತಿಲ್ಲ, ಮಾದರಿಯನ್ನು ದೊಡ್ಡವರು ತೆಗೆದುಕೊಡಬೇಕು. ಈಜು ಬಲ್ಲ ಇಬ್ಬರಾದರೂ ಜೊತೆಗಿರಬೇಕು. ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು.

ಕೆರೆಗೂ ಹಬ್ಬಗಳಿವೆ

ಜನ ತಾವಾಗಿ ಕೆರೆಗೆ ಬರುವ ದಿನಗಳು ನಮ್ಮಲ್ಲಿ ಮೊದಲೇ ಇವೆ. ಕೆರೆ ತುಂಬಿ ಕೋಡಿ ಬಿದ್ದ ದಿನ ಬಾಗಿನ ಬಿಡುತ್ತಾರೆ. ಕಾರ್ಯಕ್ರಮಕ್ಕೆ ಇದಕ್ಕಿಂತ ಒಳ್ಳೆಯ ದಿನ ಸಿಗದು. ಹಿರಿಯ ಮುತ್ತೈದೆಯರ ಜೊತೆ ಮೊದಲೇ ಮಾತಾಡಿ, ಬಿದಿರಿನ ಮೊರ, ಅರಿಸಿನ ಕುಂಕುಮ, ಕಾಳುಕಡಿ ಇರಲಿ, ಪ್ಲಾಸ್ಟಿಕ್ ಬಳೆ ಮತ್ತು ಕವರು ಬೇಡ ಎಂದು ಒಪ್ಪಿಸಿ. ಈ ಮಾತು ಅವರ ಬಾಯಿಂದ ಬಂದರೆ ಊರು ಕೇಳುತ್ತದೆ. ಗಣೇಶನ ಹಬ್ಬಕ್ಕೆ ಒಂದು ತಿಂಗಳು ಮೊದಲೇ ಕೆರೆಯ ಜೇಡಿಯಲ್ಲಿ ಮೂರ್ತಿ ಮಾಡುವ ಕಲಿಕೆಯನ್ನು ಊರಿನ ಕುಂಬಾರರಿಂದಲೇ ನಡೆಸಿ, ಅವರಿಗೆ ಸಂಭಾವನೆ ಕೊಡಿ. ದೀಪಾವಳಿಯ ಪಟಾಕಿಯ ವಿಷಯದಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯ ಕೊಲ್ಲುಕುಡಿಪಟ್ಟಿಯ ಕಥೆ ಹೇಳಿ: ಪಕ್ಕದ ವೆಟ್ಟಂಗುಡಿ ಪಕ್ಷಿಧಾಮದ ಹಕ್ಕಿಗಳು ಬೆದರಬಾರದೆಂದು ಅಲ್ಲಿನವರು ದಶಕಗಳಿಂದ ಪಟಾಕಿ ಹೊಡೆಯುವುದಿಲ್ಲ. ನಗರದಲ್ಲಿದ್ದರೆ ಬೆಂಗಳೂರಿನ ಕೈಕೊಂಡ್ರಹಳ್ಳಿ ಕೆರೆಯ ದಡದಲ್ಲಿ ನಡೆದಂಥ ಕೆರೆ ಹಬ್ಬವನ್ನು ಮಾಡಬಹುದು. ಬೀದಿ ನಾಟಕ, ಗೀಗೀ ಪದ, ತಾಳಮದ್ದಳೆ, ನಿಮ್ಮ ಸೀಮೆಗೆ ಯಾವುದು ಹಿಡಿಸುತ್ತದೋ ಅದು. ಧ್ವನಿವರ್ಧಕ ಮಾತ್ರ ಗೂಡುಗಳಿರುವ ಮರಗಳಿಂದ ದೂರವಿರಲಿ.

ಕಚೇರಿ, ಕಾಗದ, ಗ್ರಾಮಸಭೆ

ಜಾಗೃತರಾದ ಜನ “ಯಾರಿಗೆ ಹೇಳಬೇಕು?” ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಿಲ್ಲದಿದ್ದರೆ ಹುಮ್ಮಸ್ಸು ಅಲ್ಲಿಗೇ ಆರುತ್ತದೆ. ಸ್ಥೂಲವಾಗಿ ಹೇಳುವುದಾದರೆ, 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ವ್ಯವಸ್ಥೆಗೆ ಸೇರಿವೆ, 40ರಿಂದ 2000 ಹೆಕ್ಟೇರಿನವು ಸಣ್ಣ ನೀರಾವರಿ ಇಲಾಖೆಗೆ. ಒತ್ತುವರಿ ಸರ್ವೆ ತಹಶೀಲ್ದಾರರ ಕೆಲಸ. ಕಾರ್ಖಾನೆಯ ಅಥವಾ ಕೊಳಚೆಯ ದೂರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳನ್ನು ಭಾಷಣಗಳಲ್ಲಿ ಬಹಳ ಉಲ್ಲೇಖಿಸುತ್ತಾರೆ. ನೀರಾವರಿಗೆ, ಕುಡಿಯುವ ನೀರಿಗೆಂದೇ ಕಟ್ಟಿದ ಕೆರೆಗಳನ್ನು ಆ ನಿಯಮಗಳ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ ಎಂಬುದು ಜನರಿಗೆ ತಿಳಿದಿರಲಿ. ಅಂಥ ಕೆರೆಗಳಿಗೆ ನಮ್ಮ ರಾಜ್ಯದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯೇ ಹೆಚ್ಚು ನೆರವಿಗೆ ಬರುವುದು. ದಾಖಲೆ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಆ ಅರ್ಜಿ ಬರೆಯುವುದನ್ನೇ ಒಂದು ಸಂಜೆಯ ತರಬೇತಿಯಾಗಿ ಇಡಿ. ಹತ್ತು ಭಾಷಣಗಳಿಗಿಂತ ಅದು ಹೆಚ್ಚು ದಿನ ಬಾಳುತ್ತದೆ.

ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ಎ ಯಿಂದ ಇ ವರೆಗೆ ದರ್ಜೆ ಮಾಡುತ್ತದೆ. ಮೀನು ಮತ್ತು ವನ್ಯಜೀವಿಗೆ ಯೋಗ್ಯವೆನ್ನಿಸುವ ಡಿ ದರ್ಜೆಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕು. ನಿಮ್ಮ ಕೆರೆಯ ದರ್ಜೆ ಗೊತ್ತಿದ್ದರೆ ಏರಿಯ ಮೇಲಿನ ಫಲಕದಲ್ಲಿ ಅದನ್ನು ಬರೆಸಿ, ಆ ಅಕ್ಷರದ ಅರ್ಥವನ್ನೂ ಪಕ್ಕದಲ್ಲೇ ಬರೆಸಿ.

ವರ್ಷ ಕಳೆದ ಮೇಲೆ ಕಾರ್ಯಕ್ರಮಕ್ಕೆ ಎಷ್ಟು ಜನ ಬಂದಿದ್ದರು ಎಂಬ ಲೆಕ್ಕ ಸಾಲದು. ರಾತ್ರಿ ಸುರಿಯುವ ಕೋಳಿ ತ್ಯಾಜ್ಯ ಕಡಿಮೆಯಾಯಿತೇ, ತಟ್ಟೆ ಮರೆಯಾಗುವ ಆಳ ಹೆಚ್ಚಿತೇ, ಹಳ್ಳದ ಒಂದು ತುಂಡಾದರೂ ಬಿಡಿಸಿಕೊಂಡಿರೇ, ಹೊರಗಿನವರ ಸಹಾಯವಿಲ್ಲದೆ ಮಕ್ಕಳು ಹಕ್ಕಿ ಎಣಿಕೆ ನಡೆಸಿದರೇ ಎಂದು ನೋಡಿ. ಮಕ್ಕಳ ನೋಟುಪುಸ್ತಕ, ರಂಗೋಲಿ ನಕ್ಷೆಯ ಫೋಟೊ, ಹಿರಿಯರು ಹೇಳಿದ್ದರ ಬರಹ, ಇವುಗಳ ಒಂದು ಪ್ರತಿ ಶಾಲೆಯಲ್ಲಿರಲಿ. ಇನ್ನೊಂದನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಟ್ಟು, ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಲು ಕೇಳಿ. ಮುಂದಿನ ಗ್ರಾಮಸಭೆಯ ನೋಟಿಸು ಹೊರಡುವ ಮೊದಲೇ ಕೆರೆಯ ವಿಷಯವನ್ನು ಕಾರ್ಯಸೂಚಿಗೆ ಸೇರಿಸುವಂತೆ ಪಿಡಿಒಗೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಂಡು ಬನ್ನಿ.